ಕೆಂಚವ್ವನ ಕೈಗುಣ

ನಿನ್ನ ಮುತ್ತಜ್ಜಿಯ ಮುತ್ತಜ್ಜಿ ಇನ್ನೂ ಮೂಗು ಸೋರಿಸಿಕೊಂಡು ಓಡಾಡುತ್ತಿದ್ದ ಕಾಲದಲ್ಲಿ, ಬೋಳುಗುಡ್ಡದ ಬುಡದಲ್ಲಿ ಒಂದು ಕುರಿಹಟ್ಟಿ ಇತ್ತಂತೆ. ದೊಡ್ಡದೇನಲ್ಲ ಕೂಸೇ, ನಾಲ್ಕಾರು ಗುಡಿಸಲು, ಒಂದು ಹೊಂಗೆ ಮರ, ಮರದ ಕೆಳಗೆ ದೇವರು ಅಂತ ಒಂದು ಕಲ್ಲು, ಆಮೇಲೆ ಜಾಲಿ ಮುಳ್ಳಿನ ಬೇಲಿ ಸುತ್ತಿದ ಒಂದು ರೊಪ್ಪ. ರೊಪ್ಪ ಅಂದರೆ ಕುರಿಗಳನ್ನ ಕೂಡೋ ಜಾಗ. ಅದಕ್ಕೆ ಬಾಗಿಲು ಇರೋದಿಲ್ಲ, ಬೇಲಿಯಲ್ಲಿ ಒಂದು ಸಂದು ಇರುತ್ತೆ, ಆ ಸಂದಿಗೆ ಒಂದು ಹೊರೆ ಮುಳ್ಳು ಎಳೆದರೆ ಬಾಗಿಲು ಹಾಕಿದ ಹಾಗೆ, ಸರಿಸಿದರೆ ತೆಗೆದ ಹಾಗೆ. ಈ ಮುಳ್ಳಿನ ಹೊರೆ ನೆನಪಿಟ್ಟುಕೋ, ಆಮೇಲೆ ಬೇಕಾಗುತ್ತೆ. ಕಾಲು ಒದರಬೇಡ, ಕಂಬಳಿ ಜಾರುತ್ತೆ.

ಆ ಹಟ್ಟಿಯಲ್ಲಿ ಮಾಳವ್ವ ಅಂತ ಒಬ್ಬ ಅತ್ತೆ ಇದ್ದಳಂತೆ. ಅವಳ ಬಾಯಿ ಎಂಥದ್ದು ಅಂದರೆ, ಬೆಲ್ಲ ತಿಂದವರಿಗೂ ಅವಳ ಮಾತು ಕೇಳಿದ ಮೇಲೆ ಬೆಲ್ಲ ಸಪ್ಪೆ ಅನ್ನಿಸಬೇಕು, ಅಷ್ಟು ಸಿಹಿ. ಗಂಡನೂ ಇದ್ದ. ಅವನು ಮಾತಾಡುತ್ತಿರಲಿಲ್ಲ. ಮೂಗನೇನಲ್ಲ, ಹೆಂಡತಿ ಎಲ್ಲಾ ಮಾತೂ ಆಡಿ ಮುಗಿಸಿದ ಮೇಲೆ ಅವನಿಗೆ ಆಡೋಕೆ ಮಾತು ಉಳಿಯುತ್ತಿರಲಿಲ್ಲ, ಅಷ್ಟೇ. ಅವರಿಗೆ ಮೂರು ಜನ ಗಂಡುಮಕ್ಕಳು, ಮೂವರಿಗೂ ಮದುವೆಯಾಗಿ ಮೂರು ಜನ ಸೊಸೆಯರು. ದೊಡ್ಡ ಸೊಸೆ ದ್ಯಾಮವ್ವ, ನಡುವಿನ ಸೊಸೆ ನೀಲವ್ವ, ಕಿರಿಯವಳು ಕೆಂಚವ್ವ. ಕತೆ ಈ ಕೆಂಚವ್ವಂದು.

ಆ ಕಡೆಯ ಕುರಿಯವರಲ್ಲಿ ಒಂದು ಪದ್ಧತಿ ಇತ್ತಂತೆ. ಮನೆಯಲ್ಲಿ ಹೆಣ್ಣು ಹುಟ್ಟಿದರೆ ಒಂದು ಹೆಣ್ಣು ಕುರಿಮರಿಯನ್ನ ಅವಳ ಹೆಸರಿಗೆ ಬಿಡೋದು. ಆ ಮರಿ ಬೆಳೆದು ಈದರೆ ಅದರ ಮರಿಗಳೂ ಅವಳವೇ, ಅವುಗಳ ಕಿವಿಗೆಲ್ಲ ಅವಳದೇ ಗುರುತು ಕತ್ತರಿಸುತ್ತಾರೆ. ಮದುವೆಯಾಗಿ ಹೋದ ಮೇಲೂ ಅವು ತವರಿನ ಮಂದೆಯಲ್ಲೇ ಮೇಯುತ್ತಿರುತ್ತವೆ. ಆದರೆ ವರ್ಷಕ್ಕೊಂದು ಸಲ, ಚಳಿ ಹೋಗಿ ಚಿಗುರು ಬರೋ ಹೊತ್ತಿಗೆ, ಕಾಮನ ಹುಣ್ಣಿಮೆಯ ಮಾರನೇ ದಿನ ಉಣ್ಣೆ ಕತ್ತರಿಸುತ್ತಾರಲ್ಲ, ಅವತ್ತು ಅವಳು ಬಂದು ತನ್ನ ಕುರಿಯ ಮೇಲೆ ಕೈಯಿಟ್ಟು ಮೊದಲ ಹಿಡಿ ಉಣ್ಣೆ ತಾನೇ ಕತ್ತರಿಸಬೇಕು. ಒಂದು ವರ್ಷ ಬರದಿದ್ದರೆ ಪರವಾಗಿಲ್ಲ. ಎರಡು ವರ್ಷ ಬರದಿದ್ದರೂ ಕಾಯುತ್ತಾರೆ. ಮೂರನೇ ವರ್ಷವೂ ಬರಲಿಲ್ಲ ಅಂದರೆ ಅವಳಿಗೆ ಬೇಡ ಅಂತ ಅರ್ಥ, ಆ ಕುರಿಗಳೆಲ್ಲ ಅಣ್ಣತಮ್ಮಂದಿರಿಗೆ ಹೋಗುತ್ತವೆ. ಅವಳಿಗೆ ಬೇಡವಾಯಿತೋ, ಬರೋಕೆ ಗಂಡನ ಮನೆಯವರು ಬಿಡಲಿಲ್ಲವೋ ಅಂತ ಯಾರೂ ಕೇಳೋದಿಲ್ಲ. ಕೇಳಿದರೆ ಉತ್ತರ ಸಿಕ್ಕಿಬಿಡುತ್ತಲ್ಲ, ಅದಕ್ಕೇ ಕೇಳೋದಿಲ್ಲ.

ಕೆಂಚವ್ವನ ಹೆಸರಿಗೂ ಅವಳ ಅವ್ವ ಒಂದು ಕುರಿ ಬಿಟ್ಟಿದ್ದಳಂತೆ. ಕಪ್ಪು ಕುರಿ, ಹಣೆಯ ಮೇಲೆ ಮಾತ್ರ ಬೂದಿ ಹಚ್ಚಿದಂಥ ಬಿಳಿ ಬೊಟ್ಟು. ಕೆಂಚವ್ವ ಅಂಬೆಗಾಲಿಡುವಾಗ ಅದರ ಕಾಲು ಹಿಡಿದುಕೊಂಡೇ ಎದ್ದು ನಿಂತಿದ್ದಳಂತೆ. ಆ ಕುರಿ ಸತ್ತು ಅದರ ಮಗಳು, ಮಗಳ ಮಗಳು ಅಂತ ಬೆಳೆದು, ಇವಳು ಮದುವೆಯಾಗೋ ಹೊತ್ತಿಗೆ ಒಂದು ಪುಟ್ಟ ಹಿಂಡೇ ಆಗಿತ್ತು. ಎಲ್ಲದರ ಹಣೆಯಲ್ಲೂ ಅದೇ ಬೂದಿ ಬೊಟ್ಟು. ಅವಳದು ಅಂತ ಈ ಲೋಕದಲ್ಲಿ ಇದ್ದಿದ್ದು ಅದೊಂದೇ. ಮಿಕ್ಕಿದ್ದೆಲ್ಲ ಅಪ್ಪಂದು, ಅಣ್ಣಂದು, ಗಂಡಂದು, ಅತ್ತೆದು.

ಮದುವೆಯಾಗಿ ಬಂದ ಮೊದಲನೇ ವರ್ಷ ಏನಾಯಿತಪ್ಪಾ ಅಂದರೆ, ಶಿವರಾತ್ರಿ ಕಳೆದಿತ್ತು, ಕುರಿಗಳು ಈಯೋ ಕಾಲ, ಒಂದು ಕುರಿಗೆ ಮರಿ ಅಡ್ಡ ಸಿಕ್ಕಿಕೊಂಡು ಒದ್ದಾಡುತ್ತಿತ್ತಂತೆ. ಎಲ್ಲರೂ ಸುತ್ತ ನಿಂತು ಅಯ್ಯೋ ಅಯ್ಯೋ ಅನ್ನುತ್ತಿದ್ದರೇ ಹೊರತು ಒಬ್ಬರೂ ಕೈ ಹಾಕಲಿಲ್ಲ. ಕೆಂಚವ್ವ ಸೀರೆ ಎತ್ತಿ ಕಟ್ಟಿಕೊಂಡು, ಕೈಗೆ ಎಣ್ಣೆ ಹಚ್ಚಿಕೊಂಡು, ಮೆಲ್ಲಗೆ ಮರಿಯ ಕಾಲು ತಿರುಗಿಸಿ ಎಳೆದಳಂತೆ. ಮರಿಗೆ ಉಸಿರಿರಲಿಲ್ಲ. ಬಾಯಲ್ಲಿ ಬೆರಳಾಡಿಸಿ ಲೋಳೆ ತೆಗೆದು, ಮೂಗಿಗೆ ಊದಿ, ಒಣಹುಲ್ಲಿನಿಂದ ಮೈ ಉಜ್ಜಿದಳು, ಉಜ್ಜಿದಳು, ಅದು ಸೀನುವವರೆಗೂ ಉಜ್ಜಿದಳು. ಮರಿ ಬದುಕಿತು. ಅತ್ತೆ ಓಡಿಬಂದು ಅವಳ ಕೈಯನ್ನ ಕಣ್ಣಿಗೊತ್ತಿಕೊಂಡು, ಚಿನ್ನದಂಥ ಕೈ ನನ್ನ ತಾಯೀ, ಕೈಗುಣ ಅಂದರೆ ಇದು, ದೇವರು ಕೊಟ್ಟ ಕೈಗುಣ ಅಂದಳಂತೆ.

ಅಲ್ಲಿಗೆ ಮುಗೀತು ನೋಡು ಅವಳ ಕತೆ.

ಮಾರನೇ ದಿನದಿಂದ ಈಯೋ ಕುರಿ ಎಲ್ಲಾ ಕೆಂಚವ್ವನ ಪಾಲು. ಗಂಡಸರು ದೊಡ್ಡ ಮಂದೆ ಹೊಡೆದುಕೊಂಡು ಹೊಳೆ ಕಡೆಯ ಹೊಲಗಳಿಗೆ ಹೋಗುತ್ತಿದ್ದರು. ದ್ಯಾಮವ್ವ, ನೀಲವ್ವ ಇಬ್ಬರೂ ತಂತಮ್ಮ ತವರಿಗೆ, ತಂತಮ್ಮ ಕುರಿಯ ಉಣ್ಣೆ ಕತ್ತರಿಸೋಕೆ ಹೊರಟರು. ರೊಪ್ಪದಲ್ಲಿ ಗಬ್ಬದ ಕುರಿಗಳು, ಕೆಂಚವ್ವ, ಮುಳ್ಳಿನ ಹೊರೆ. ಅಷ್ಟೊತ್ತಿಗೆ ಕಂಬಳಿ ಮಾರೋ ಮುದುಕ ಕಾಡಪ್ಪ ಆ ದಾರಿಯಲ್ಲಿ ಬಂದವನು, ನಿನ್ನವ್ವ ಹೇಳಿಕಳಿಸಿದಾಳೆ ಕಣವ್ವಾ, ಉಣ್ಣೆ ಕತ್ತರಿಸೋಕೆ ಬಾ ಅಂತ, ಅಂದನಂತೆ. ಅತ್ತೆ ಅಂದಳಂತೆ, ಹೋಗಮ್ಮಾ, ಯಾರು ಬೇಡ ಅಂದರು, ಕೊನೇ ಕುರಿ ಈದ ತಕ್ಷಣ ಹೋಗು. ಕೊನೇ ಕುರಿ ಈಯೋ ಹೊತ್ತಿಗೆ ಹುಣ್ಣಿಮೆ ಹೋಗಿ ಅಮಾವಾಸ್ಯೆ ಬಂದಿತ್ತು.

ಎರಡನೇ ವರ್ಷ ಕಾಡಪ್ಪ ಬರೀ ಮಾತು ತರಲಿಲ್ಲ, ಒಂದು ಎಳೆ ಕಪ್ಪು ಉಣ್ಣೆ ತಂದ. ನಿನ್ನ ಕುರಿದೇ ಕಣವ್ವಾ, ಬೇಲಿ ಮುಳ್ಳಿಗೆ ಸಿಕ್ಕಿದ್ದನ್ನ ನಿನ್ನವ್ವ ಬಿಡಿಸಿ ಕೊಟ್ಟಳು ಅಂದ. ಕೆಂಚವ್ವ ಅದನ್ನ ಸೆರಗಿಗೆ ಕಟ್ಟಿಕೊಂಡು, ಈ ಸಲ ಹೋಗೇ ಹೋಗ್ತೀನಿ ಅಂತ ನಿಂತಳು. ಅತ್ತೆ ಬೇಡ ಅಂದಳಾ? ಇಲ್ಲವೇ ಇಲ್ಲ. ಒಂದು ತಬ್ಬಲಿ ಮರಿಯನ್ನ ಎತ್ತಿಕೊಂಡು ಬಂದು ಅವಳ ಮಡಿಲಲ್ಲಿ ಹಾಕಿ, ಹೋಗು ತಾಯೀ, ಆದರೆ ಇದು ನಿನ್ನ ಬೆರಳು ಬಿಟ್ಟು ಬೇರೆ ಯಾರ ಬೆರಳೂ ಚೀಪೋದಿಲ್ಲ, ಸತ್ತರೆ ಸಾಯಲಿ ಬಿಡು, ಅದರ ಹಣೆಬರಹ ಅಂತ ಕಣ್ಣೊರೆಸಿಕೊಂಡಳಂತೆ. ಹಾಗಂದ ಮೇಲೆ ಯಾರು ತಾನೇ ಎದ್ದು ಹೋಗುತ್ತಾರೆ? ಕೆಂಚವ್ವ ಬಟ್ಟೆಯ ಬತ್ತಿ ಮಾಡಿ ಆಡಿನ ಹಾಲಲ್ಲಿ ಅದ್ದಿ ಅದ್ದಿ ಆ ಮರಿ ಬದುಕಿಸಿದಳು, ಹುಣ್ಣಿಮೆ ಆ ವರ್ಷವೂ ಹೋಯಿತು. ಗಂಡ ಮೈಲಾರಿ ಒಳ್ಳೆಯವನೇ. ಮುಂದಿನ ವರ್ಷ ನಾನೇ ಕರ್ಕೊಂಡು ಹೋಗ್ತೀನಿ ಬಿಡು ಅಂದ. ಹೊಳೆ ಕಡೆಗೆ ಹೋದ, ಮರೆತ. ಒಳ್ಳೆಯವರಿಗೆ ಮರೆವು ಜಾಸ್ತಿ.

ತವರಿಂದ ದ್ಯಾಮವ್ವ, ನೀಲವ್ವ ತಲೆಗೆ ಎಣ್ಣೆ ಹಚ್ಚಿಕೊಂಡು, ಕೈತುಂಬ ಹೊಸ ಬಳೆ ಇಟ್ಟುಕೊಂಡು ಬರುತ್ತಿದ್ದರಂತೆ. ಬಂದು ರೊಪ್ಪದ ಆಚೆ ನಿಂತು, ಮೂಗಿಗೆ ಸೆರಗು ಹಿಡಿದುಕೊಂಡು, ನಿನ್ನ ಪುಣ್ಯ ನೋಡು ತಂಗೀ, ನಮಗೆಲ್ಲಿ ನಿನ್ನಂಥ ಕೈಗುಣ, ನಾವು ಪಾಪಿಗಳು ಅನ್ನುತ್ತಿದ್ದರಂತೆ. ಆ ಪಾಪಿಗಳ ಕಾಲಲ್ಲಿ ಒಂದು ಮುಳ್ಳು ಚುಚ್ಚಿದ ಗಾಯ ಇರಲಿಲ್ಲ. ಪುಣ್ಯವಂತೆಯ ಕೈ ನೋಡಿದರೆ ಒಡೆದು ಸೀಳಿ ಜಾಲಿ ತೊಗಟೆ ಆಗಿತ್ತು.

ಕೇಳ್ತಿದೀಯಾ ಕೂಸೇ? ಹೂಂ ಅನ್ನು. ಹೂಂ ಅನ್ನದಿದ್ದರೆ ಕತೆ ನಿಂತುಬಿಡುತ್ತೆ.

ಆಮೇಲೆ ಮೂರನೇ ವರ್ಷ ಬಂತು. ಶಿವರಾತ್ರಿಯ ಜೊತೆ ಚಳಿ ಹೋಯಿತು. ಹೊಂಗೆ ಮರ ಹಳೆಯ ಎಲೆ ಎಲ್ಲಾ ಕೊಡವಿಕೊಂಡು, ಎಣ್ಣೆ ಸವರಿದಂಥ ಎಳೆ ಚಿಗುರು ಬಿಟ್ಟಿತು. ಗುಡ್ಡದ ಓರೆಯಲ್ಲಿ ಮುತ್ತುಗದ ಹೂ ಕೆಂಪಗೆ ಹೊತ್ತಿಕೊಂಡಿತು. ಇರುವೆ ಕೂಡ ಹೊಸ ಗೂಡು ಕಟ್ಟೋಕೆ ಸಾಲಾಗಿ ಹೊರಟಿತು. ಎಲ್ಲವೂ ಎಲ್ಲಿಗೋ ಹೊರಟಿದ್ದವು, ಕೆಂಚವ್ವ ಒಬ್ಬಳು ರೊಪ್ಪದಲ್ಲಿ. ಒಂದೊಂದು ಸಲ ಅವಳಿಗೆ ಎದೆಯೊಳಗೇ ಯಾರೋ ಮುಳ್ಳಿನ ಹೊರೆ ಎಳೆದು ಸಂದು ಮುಚ್ಚಿದ ಹಾಗಾಗುತ್ತಿತ್ತಂತೆ. ಕೂಗೋಣ ಅಂದರೆ ಯಾರೂ ಬೈದಿಲ್ಲ, ಅಳೋಣ ಅಂದರೆ ಯಾರೂ ಹೊಡೆದಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಹೊಗಳಿ ಹೊಗಳಿ ಕಟ್ಟಿಹಾಕಿದರೆ ಏನು ಮಾಡೋದು?

ಆ ವರ್ಷ ಕಾಡಪ್ಪ ಬಂದವನೇ ಕಂಬಳಿ ಗಂಟಿನಿಂದ ಒಂದು ಉಣ್ಣೆ ಕತ್ತರಿ ತೆಗೆದು ಅವಳ ಮುಂದೆ ಇಟ್ಟ. ಅವಳವ್ವನ ಕತ್ತರಿ, ಹಿಡಿ ಸವೆದು ನುಣ್ಣಗಾಗಿತ್ತು. ಕೆಂಚವ್ವ ಕೇಳಿದಳು, ಅವ್ವ ಏನಂದಳು ಕಾಡಪ್ಪಜ್ಜಾ. ಏನೂ ಅನ್ನಲಿಲ್ಲವ್ವಾ, ಈಗ ಆ ಬೊಟ್ಟಿನ ಕುರಿ ಪಕ್ಕದಲ್ಲೇ ಕೂತಿರ್ತಾಳೆ, ಯಾರಿಗೂ ಅದನ್ನ ಮುಟ್ಟೋಕೆ ಬಿಡೋದಿಲ್ಲ. ನಿಮ್ಮ ದೊಡ್ಡಪ್ಪ ಕಿವಿ ಕತ್ತರಿಸೋ ಚೂರಿ ಮಸೆದು ಇಟ್ಟಿದಾನೆ, ಈ ಸಲವೂ ಅವಳು ಬರದಿದ್ದರೆ ಹೊಸ ಮರಿಗಳ ಕಿವಿಗೆ ನಿಮ್ಮಣ್ಣನ ಗುರುತು ಹಾಕ್ತೀನಿ ಅಂದಿದಾನೆ ಅಂದನಂತೆ.

ಕೆಂಚವ್ವ ಕತ್ತರಿ ಸೊಂಟಕ್ಕೆ ಸಿಕ್ಕಿಸಿಕೊಂಡು ಮೊದಲು ಗಂಡನ ಹತ್ತಿರ ಹೋದಳಂತೆ. ಏನ್ರೀ, ನಾನು ಹೋಗಿಬರ್ತೀನಿ ಅಂದಳು. ಮೈಲಾರಿ ಹಗ್ಗ ಹೊಸೆಯುತ್ತಾ, ಅವ್ವನ್ನ ಒಂದು ಮಾತು ಕೇಳು ಅಂದ.

ಆಮೇಲೆ ಅತ್ತೆಯ ಹತ್ತಿರ ಹೋದಳು. ಅತ್ತೆ, ನನ್ನದೇನಿದೆ ತಾಯೀ, ಇದು ದೇವರು ಕೊಟ್ಟ ಕೈ, ದೇವರನ್ನೇ ಕೇಳು ಅಂದಳು.

ಆಮೇಲೆ ದೇವರ ಹತ್ತಿರ ಹೋದಳು. ಕಲ್ಲಿನ ಎರಡೂ ಭುಜಕ್ಕೆ ಒದ್ದೆ ಹೂ ಅಂಟಿಸಿ, ಹೋಗೋದಾದರೆ ಬಲಗಡೆ ಕೊಡಪ್ಪಾ ಅಂತ ಬೇಡಿಕೊಂಡು ಕೂತಳು. ಸ್ವಲ್ಪ ಹೊತ್ತಿಗೆ ಹೂ ಬಿತ್ತು. ದೇವರ ಬಲಗಡೆಯೇ ಬಿತ್ತು. ಕೆಂಚವ್ವನಿಗೆ ಅಳುವೇ ಬಂತು ಸಂತೋಷಕ್ಕೆ. ಹಿಂದಿನಿಂದ ಅತ್ತೆ ಬಂದು ನೋಡಿ, ಅಯ್ಯೋ ಎಡಗಡೆ ಕೊಟ್ಟನಲ್ಲಾ ಅಂದಳಂತೆ. ಎಡ ಹೇಗಾಗುತ್ತೆ ಅತ್ತೆ, ಅದು ದೇವರ ಬಲ ಅಲ್ವಾ ಅಂದರೆ, ದಾರಿ ನಡೆಯೋಳು ನೀನೋ ದೇವರೋ, ನಿನ್ನ ಬಲವೇ ಲೆಕ್ಕ, ಎದುರು ಕೂತವಳಿಗೆ ಅದು ಎಡ ಅಂದಳು. ಹೋದ ವರ್ಷ ದ್ಯಾಮವ್ವ ತವರಿಗೆ ಹೊರಟಾಗ ದೇವರ ಬಲವೇ ಬಲ ಆಗಿತ್ತು ಅನ್ನೋದು ಎಲ್ಲರಿಗೂ ನೆನಪಿತ್ತು. ಮಾವ ಆಕಾಶ ನೋಡಿದ.

ಗಂಡ ಆಯಿತು, ಅತ್ತೆ ಆಯಿತು, ದೇವರೂ ಆಯಿತು. ಇನ್ನು ಯಾರನ್ನ ಕೇಳೋದು? ಕೆಂಚವ್ವ ರೊಪ್ಪಕ್ಕೆ ವಾಪಸು ಬಂದು ಕುರಿಗಳ ನಡುವೆ ಮುಖ ಮುಚ್ಚಿಕೊಂಡು ಕೂತಳು. ಬೇಲಿಯ ಆಚೆ ಹೊಂಗೆ ಮರದ ನೆರಳಲ್ಲಿ ಅತ್ತೆ ದೊಡ್ಡ ಸೊಸೆಗೆ ತಲೆ ಬಾಚುತ್ತಿದ್ದಳು. ಕೆಂಚವ್ವ ಇಷ್ಟು ಹತ್ತಿರ ಇದಾಳೆ ಅಂತ ಅವರಿಗೆ ಗೊತ್ತಿಲ್ಲ. ದ್ಯಾಮವ್ವ ಕೇಳಿದಳಂತೆ, ಅಲ್ಲ ಅತ್ತೆ, ನಿಮ್ಮ ಕಾಲದಲ್ಲಿ ಯಾರಿಗಿತ್ತು ಈ ಕೈಗುಣ? ಅತ್ತೆ ನಕ್ಕು ಹೇಳಿದಳಂತೆ, ನಮ್ಮತ್ತೆಗೆ ಇತ್ತು ಕಣೇ. ಮುದುಕಿಯಾದ ಮೇಲೆ, ಬಾರೇ ಮಾಳವ್ವ, ಕೈ ಒಡ್ಡು, ನೀರು ಬಿಟ್ಟು ನಿನಗೆ ಧಾರೆ ಎರೆದು ಕೊಡ್ತೀನಿ ಅಂದಳು. ನಾನೇನು ದಡ್ಡಿನಾ? ಕೈ ಒಡ್ಡಿದ್ದರೆ ಜನ್ಮಪೂರ್ತಿ ಆ ರೊಪ್ಪದಲ್ಲಿ ಈದ ಕುರಿಗಳ ಮಾಸು ಬಳಿಯುತ್ತಾ ಕೂರಬೇಕಿತ್ತು. ಎರಡೂ ಕೈ ಸೆರಗಲ್ಲಿ ಸುತ್ತಿಕೊಂಡು ಓಡಿದೆ ನೋಡು ಅವತ್ತು.

ಇಬ್ಬರೂ ನಕ್ಕರಂತೆ. ಹೊಟ್ಟೆ ಹಿಡಿದುಕೊಂಡು ನಕ್ಕರಂತೆ.

ಕೆಂಚವ್ವ ಮುಖದ ಮೇಲಿನ ಕೈ ತೆಗೆದಳು. ಮೂರು ವರ್ಷದಿಂದ ತಿಂದ ಹೊಗಳಿಕೆ ಎಲ್ಲಾ ಗಂಟಲಿಗೆ ಬಂದು ಕಹಿಯಾಯಿತು. ಪುಣ್ಯ ಅಂತಿದ್ದರಲ್ಲ, ಆ ಪುಣ್ಯವನ್ನ ಕಂಡು ಈ ಅತ್ತೆಯೇ ಸೆರಗಲ್ಲಿ ಕೈ ಮುಚ್ಚಿಕೊಂಡು ಓಡಿದ್ದಳು. ಅಳು ನಿಂತುಹೋಯಿತು. ಸಿಟ್ಟು ಬಂದರೆ ಹಾಗೆ ಕೂಸೇ, ಅಳೋಕೆ ಪುರುಸೊತ್ತೇ ಇರೋದಿಲ್ಲ.

ಇನ್ನೊಂದು ಪದ್ಧತಿ ಹೇಳ್ತೀನಿ ಕೇಳು. ಗಂಡಸರು ಮಂದೆ ಹೊಡೆದುಕೊಂಡು ಹೊರಡೋ ಹಿಂದಿನ ದಿನ, ಈದ ಕುರಿಗಳ ಮೊದಲ ಹಾಲಲ್ಲಿ ಗಿಣ್ಣು ಮಾಡಿ ಹಟ್ಟಿಯವರೆಲ್ಲ ಹೊಂಗೆ ಮರದ ಕೆಳಗೆ ಕೂತು ತಿನ್ನೋದು. ತಾಯಿಹಾಲಿನ ಊಟ ಅಂತ ಅವತ್ತು ಹೆಂಗಸರೇ ಮೊದಲು ಕೂರೋದು, ಅತ್ತೆಯಂದಿರು ಮೊದಲು, ಆಮೇಲೆ ಹಿರಿ ಸೊಸೆಯರು. ಎಲ್ಲರಿಗೂ ಕಿರಿಯವಳು ತಂಬಿಗೆ ಹಿಡಿದು ಕೈಗೆ ನೀರು ಹಾಕಬೇಕು.

ಆ ವರ್ಷ ಆ ಊಟ ಕಾಮನ ಹುಣ್ಣಿಮೆಯ ದಿನವೇ ಬಂತು. ಅವತ್ತು ಕೆಂಚವ್ವ ಹೊತ್ತು ಮೂಡೋ ಮೊದಲೇ ತಲೆ ಸ್ನಾನ ಮಾಡಿ, ಮದುವೆಯ ಸೀರೆ ಉಟ್ಟು, ಸೊಂಟಕ್ಕೆ ಅವ್ವನ ಕತ್ತರಿ ಸಿಕ್ಕಿಸಿ, ಬೆಲ್ಲ ಏಲಕ್ಕಿ ಹಾಕಿ ಗಿಣ್ಣು ಬೇಯಿಸಿದಳಂತೆ. ಪರಿಮಳಕ್ಕೆ ನಾಯಿಗಳೂ ಸಾಲಾಗಿ ಬಂದು ಕೂತವು. ಅಕ್ಕಪಕ್ಕದ ಗುಡಿಸಲಿನವರು ಬಂದರು, ಕಾಡಪ್ಪ ಬಂದ, ಮಾವ ಬಂದ, ಗಂಡಸರೆಲ್ಲ ಬಂದು ಒಂದು ಕಡೆ ನಿಂತರು. ಮಾಳವ್ವ ಮೊದಲ ಎಲೆಗೆ ಕೂತು ಎರಡೂ ಕೈ ಮುಂದೆ ಚಾಚಿದಳು. ಕೆಂಚವ್ವ ತಂಬಿಗೆ ಬಗ್ಗಿಸಿದಳು. ಒಂದು ಹನಿ ಆಚೆ ಈಚೆ ಹೋಗದ ಹಾಗೆ ಸಣ್ಣಗೆ ಧಾರೆ ಬಿಟ್ಟಳು. ಬಿಡುತ್ತಾ ಎಲ್ಲರಿಗೂ ಕೇಳೋ ಹಾಗೆ ಹೇಳಿದಳು,

"ದೇವರು ನನಗೆ ಕೊಟ್ಟ ಕೈಗುಣವನ್ನ ನಮ್ಮತ್ತೆಯ ಕೈಗೆ ಧಾರೆ ಎರೆದಿದ್ದೀನಿ. ಈ ಮರ ನೋಡಿದೆ, ದೇವರು ನೋಡಿದಾನೆ, ನೀವೆಲ್ಲ ನೋಡಿದ್ದೀರಿ."

ಮಾಳವ್ವ ಕೈ ಎಳೆದುಕೊಳ್ಳೋ ಹೊತ್ತಿಗೆ ಎರಡೂ ಅಂಗೈ ಒದ್ದೆಯಾಗಿತ್ತು. ಪಕ್ಕದಲ್ಲಿ ದ್ಯಾಮವ್ವ ಕೈ ಚಾಚಿಕೊಂಡು ಕೂತವಳು ಏನಾಯಿತು ಅಂತ ತಿಳಿಯೋ ಮೊದಲೇ ಅವಳ ಕೈಗೂ ನೀರು ಬಿತ್ತು, ಉಳಿದಿದ್ದು ನಿಮಗಕ್ಕಾ ಅಂದಳು ಕೆಂಚವ್ವ. ನೀಲವ್ವ ಕೈ ಬೆನ್ನ ಹಿಂದೆ ಮುಚ್ಚಿಕೊಂಡಳು. ಪರವಾಗಿಲ್ಲ ಅಂತ ಕೆಂಚವ್ವ ತಂಬಿಗೆಯಲ್ಲಿ ಮಿಕ್ಕಿದ್ದನ್ನ ಅವಳ ತಲೆಯ ಮೇಲೇ ಹಾಕಿದಳಂತೆ.

ಆಮೇಲೆ ಶುರುವಾಯಿತು ನೋಡು. ಇದೇನು ಧಾರೆ ನೀರಾ, ಕೈ ತೊಳೆಯೋ ನೀರು ಅಂದಳು ಅತ್ತೆ. ಮದುವೆ ಧಾರೆಗೂ ಇದೇ ಬಾವಿ ನೀರೇ ತಂದಿದ್ದು ಅಂದಳು ಸೊಸೆ. ನಾನು ಒಪ್ಪಿ ಕೈ ಒಡ್ಡಲಿಲ್ಲ ಅಂದಳು ಅತ್ತೆ. ನಾನು ಒಪ್ಪಿ ಕೈಗುಣ ಬೇಡಿದ್ದೆನಾ ಅಂದಳು ಸೊಸೆ. ಕೊನೆಗೆ ಮಾಳವ್ವ ಅಷ್ಟು ವರ್ಷದ ಬೆಲ್ಲದ ಬಾಯಿ ಮರೆತು, ಕೈಗುಣವಂತೆ ಕೈಗುಣ, ಅದೇನು ಕೊಡೋ ತಗೊಳ್ಳೋ ಸಾಮಾನಾ, ಅಂಥದ್ದೆಲ್ಲ ಎಲ್ಲಿರುತ್ತೆ ಅಂತ ಕಿರುಚಿದಳಂತೆ.

ಕೆಂಚವ್ವ ಮೆಲ್ಲಗೆ ತಂಬಿಗೆ ಕೆಳಗಿಟ್ಟಳು.

"ಇದೆ ಅಂದರೆ ಅದು ಈಗ ನಿಮ್ಮ ಕೈಯಲ್ಲಿದೆ ಅತ್ತೆ. ಇಲ್ಲ ಅಂದರೆ ನನ್ನ ಕೈಯಲ್ಲೂ ಯಾವತ್ತೂ ಇರಲಿಲ್ಲ. ಎರಡರಲ್ಲಿ ಯಾವುದು ಅಂತ ನೀವೇ ಹೇಳಿ. ಯಾವುದು ಹೇಳಿದರೂ ನಾನು ಹೊರಡ್ತೀನಿ."

ಮಾಳವ್ವ ಬಾಯಿ ತೆಗೆದಳು, ಮುಚ್ಚಿದಳು, ಮತ್ತೆ ತೆಗೆದಳು. ಮೊದಲ ಸಲ ಅವಳಿಗೆ ಮಾತು ಸಿಗಲಿಲ್ಲ. ಅವಳ ಮಾತು ಖಾಲಿಯಾಗಿದ್ದೇ ತಡ, ಮಾವನಿಗೆ ಮಾತು ಬಂತು. ಅವನು ಆಕಾಶ ನೋಡೋದು ಬಿಟ್ಟು ಹೆಂಡತಿಯ ಒದ್ದೆ ಕೈ ನೋಡಿ, "ನೀರು ಬಿತ್ತು, ನಾನು ನೋಡಿದೆ" ಅಂದನಂತೆ. ಅಷ್ಟೇ. ಮತ್ತೆ ಆಕಾಶ ನೋಡಿದ.

ಹಿರಿಯ ಹೇಳಿದ ಮೇಲೆ ಇನ್ನೇನು? ಕೆಂಚವ್ವ ಗಂಟು ಎತ್ತಿಕೊಂಡಳು. ಆದರೆ ಹೊರಡೋಕೆ ಕಾಲು ಬಂದರೂ ಕರುಳು ಬರಬೇಕಲ್ಲ. ರೊಪ್ಪದೊಳಗೆ ಬೋಳಿ ಅಂತ ಒಂದು ಕುರಿ, ಹಿಂದಿನ ಎರಡೂ ವರ್ಷ ಅವಳ ಕೈಯಲ್ಲೇ ಈದಿದ್ದು, ಇನ್ನೇನು ಈಯೋ ಹಾಗಾಗಿ ಅವಳನ್ನ ಕಂಡು ಕೂಗೋಕೆ ಶುರುಮಾಡಿತು. ಅತ್ತೆಗೆ ಎದುರು ನಿಂತವಳಿಗೆ ಆ ಕೂಗಿಗೆ ಎದುರು ನಿಲ್ಲೋದು ಕಷ್ಟವಾಯಿತಂತೆ. ಹೋಗಿ ಅದರ ಕಿವಿ ಸವರಿದಳು. ಆಮೇಲೆ ಆ ಮೂವರನ್ನೂ ಕರೆದು, ಸಿಟ್ಟು ಬೇರೆ ಮರಿ ಬೇರೆ ಅಂತ, ಎಲ್ಲಾ ಬಿಡಿಸಿ ಹೇಳಿದಳು. ಮರಿ ಬಿದ್ದ ತಕ್ಷಣ ಬಾಯೊಳಗೆ ಬೆರಳಾಡಿಸಿ. ಉಸಿರು ಬರದಿದ್ದರೆ ಉಜ್ಜಿ, ಕೈ ಸೋತರೂ ಉಜ್ಜಿ. ತಾಯಿ ಹತ್ತಿರ ಸೇರಿಸದಿದ್ದರೆ ಮರಿಯ ಮೈಗೆ ಉಪ್ಪುನೀರು ಸವರಿ, ಉಪ್ಪಿನ ಆಸೆಗೆ ನೆಕ್ಕುತ್ತಾ ನೆಕ್ಕುತ್ತಾ ನಂದು ಅಂತ ತಿಳ್ಕೊಳ್ಳುತ್ತೆ. ಇಷ್ಟೇ. ಇದಕ್ಕೇ ನೀವು ಮೂರು ವರ್ಷ ಕೈ ಮುಗಿದಿದ್ದು ಅಂದಳು.

ಮೈಲಾರಿ ಓಡಿ ಬಂದು ಮುಳ್ಳಿನ ಹೊರೆ ಸರಿಸೋಕೆ ಬಗ್ಗಿದನಂತೆ. ಅದು ಬಿಡಿ, ಅದನ್ನ ನಾನೇ ಸರಿಸ್ತೀನಿ, ನೀವು ಬೋಳಿ ಹತ್ತಿರ ಕೂತ್ಕೊಳ್ಳಿ, ಹೊಳೆ ಕಡೆ ಅಣ್ಣಂದಿರು ಹೋಗಲಿ ಅಂದಳು. ಅವನು ಅವ್ವನ ಮುಖ ನೋಡಿದ, ಹೆಂಡತಿಯ ಕೈ ನೋಡಿದ. ಹೊಳೆ ಕಡೆಗೆ ಅಂತ ಹೊಸೆದಿದ್ದ ಹಗ್ಗ ಗೂಟಕ್ಕೆ ಹಾಕಿ ರೊಪ್ಪದೊಳಗೆ ಹೋಗಿ ಕೂತ. ಕೆಂಚವ್ವ ಮುಳ್ಳು ಸರಿಸಿ ಈಚೆ ಬಂದು, ಮತ್ತೆ ಎಳೆದು ಸಂದು ಮುಚ್ಚಿದಳು. ಮೂರು ವರ್ಷದಲ್ಲಿ ಮೊದಲ ಸಲ ಅವಳು ಬೇಲಿಯ ಈಚೆ ನಿಂತು ಅದನ್ನ ಮುಚ್ಚಿದ್ದಳು.

ಕಾಡಪ್ಪನ ಹಿಂದೆ ಹಿಂದೆ, ಮುತ್ತುಗದ ಹೂ ತುಳಿದುಕೊಂಡು, ಒಂದು ಗುಡ್ಡ ದಾಟಿ, ಒಂದು ಹಳ್ಳ ದಾಟಿ, ರಾತ್ರಿ ಅಲ್ಲೇ ತಂಗಿ, ಮಾರನೇ ದಿನ ಇನ್ನೊಂದು ಗುಡ್ಡ ಏರಿದರೆ ಕೆಳಗೆ ಅವಳ ತವರು ಕಂಡಿತಂತೆ. ಅಲ್ಲಿ ಆಗಲೇ ಕುರಿಗಳನ್ನ ಹಳ್ಳದಲ್ಲಿ ತೊಳೆದು ಉಣ್ಣೆ ಕತ್ತರಿಸೋಕೆ ಶುರುಮಾಡಿದ್ದರು. ಎಲ್ಲರದೂ ಆಗಿ, ಬೊಟ್ಟಿನ ಕುರಿಗಳು ಮಾತ್ರ ಉಳಿದಿದ್ದವು. ದೊಡ್ಡಪ್ಪ ಚೂರಿ ಹಿಡಿದು, ಏಳವ್ವಾ, ಎಷ್ಟು ಹೊತ್ತು ಅಡ್ಡ ಕೂರ್ತೀಯಾ, ಅವಳಿಗೆ ಬೇಡವಾಗಿದೆ ಅನ್ನುತ್ತಿದ್ದ. ಕೆಂಚವ್ವನ ಅವ್ವ ಕುರಿಯ ಕೊರಳು ತಬ್ಬಿಕೊಂಡು, ಹೊತ್ತು ಮುಳುಗಲಿ, ಆಮೇಲೆ ಏಳ್ತೀನಿ ಅನ್ನುತ್ತಿದ್ದಳು.

ಕೆಂಚವ್ವ ಏದುಸಿರು ಬಿಡುತ್ತಾ ಬಂದು ದೊಡ್ಡಪ್ಪನ ಚೂರಿಗೂ ಕುರಿಗೂ ನಡುವೆ ನಿಂತಳು. ಸೊಂಟದ ಕತ್ತರಿ ತೆಗೆದಳು, ಕುರಿಯ ಬೆನ್ನ ಮೇಲೆ ಎಡಗೈ ಇಟ್ಟಳು, ಬಲಗೈಯಲ್ಲಿ ಮೊದಲ ಹಿಡಿ ಉಣ್ಣೆ ಕತ್ತರಿಸಿದಳು. ಮಳೆಮೋಡದ ಹಾಗೆ ಕಪ್ಪಗೆ ಅವಳ ಕಾಲ ಮೇಲೆ ಬಿತ್ತಂತೆ. ಕುರಿ ತಲೆ ತಿರುಗಿಸಿ ಅವಳ ಒಡೆದ ಅಂಗೈ ಮೂಸಿ ನೋಡಿತು. ಅವ್ವ ಆ ಅಂಗೈ ಹಿಡಿದುಕೊಂಡು, ಏನೇ ಇದು, ಏನು ಮಾಡಿದಾರೆ ನಿನ್ನ ಕೈಯನ್ನ ಅಂತ ಕೇಳಿದಳು. ಹೊಗಳಿದಾರವ್ವಾ ಅಂದಳಂತೆ ಕೆಂಚವ್ವ.

ಆಮೇಲೆ ಅವ್ವನ ಮನೆಯಲ್ಲಿ ಹಾಯಾಗಿದ್ದು, ಕೈಗೆ ಬೆಣ್ಣೆ ಹಚ್ಚಿಸಿಕೊಂಡು, ತನ್ನ ಉಣ್ಣೆ ತಾನೇ ನೂತು, ಬೇವು ಹೂ ಬಿಡೋ ಹೊತ್ತಿಗೆ, ಇನ್ನು ಇವು ನನ್ನ ಕಣ್ಣ ಮುಂದೆಯೇ ಮೇಯಲಿ ಅಂತ, ತನ್ನ ಬೊಟ್ಟಿನ ಹಿಂಡು ಮುಂದೆ ಹೊಡೆದುಕೊಂಡು ಗಂಡನ ಹಟ್ಟಿಗೆ ಬಂದಳಂತೆ. ಬಂದು ನೋಡುತ್ತಾಳೆ, ರೊಪ್ಪದೊಳಗೆ ಯಾರೋ ಒಬ್ಬಳು ಕೂತಿದಾಳೆ, ತಲೆ ತುಂಬ ಹುಲ್ಲು, ಸೀರೆಯ ತುಂಬ ಹಾಲು ಮಾಸು ಮಣ್ಣು, ಮಡಿಲಲ್ಲಿ ಒಂದು ಮರಿ ಬತ್ತಿ ಚೀಪುತ್ತಿದೆ. ಯಾರು ಅಂತ ಹತ್ತಿರ ಹೋಗಿ ನೋಡಿದರೆ ಮಾಳವ್ವ. ಪಕ್ಕದಲ್ಲಿ ಮೈಲಾರಿ ಬೋಳಿಯ ಮರಿಗಳನ್ನ ಕಾಲ ಸಂದಿಯಲ್ಲಿ ಕೂಡಿಕೊಂಡು ಉಪ್ಪುನೀರು ಸವರುತ್ತಿದಾನೆ. ಎರಡು ಮರಿ, ಎರಡೂ ಗಟ್ಟಿಮುಟ್ಟಾಗಿದ್ದವು. ದ್ಯಾಮವ್ವ ಮೂಗು ಮುಚ್ಚದೆ ಮಾಸು ಎತ್ತಿ ಹಾಕುತ್ತಿದ್ದಳು. ನೀಲವ್ವ ಮಾತ್ರ ಇನ್ನೂ ಕಣ್ಣು ಮುಚ್ಚಿಕೊಂಡೇ ಎಲ್ಲಾ ಮಾಡುತ್ತಿದ್ದಳಂತೆ.

ಸೊಸೆಯನ್ನ ಕಂಡ ತಕ್ಷಣ ಅತ್ತೆ, ಬಂದೆಯಾ ತಾಯೀ, ಒಂದು ಮರಿ ನನ್ನ ಕೈಯಲ್ಲೇ ಹೋಗಿಬಿಡ್ತು ಕಣೇ, ಉಜ್ಜಿದೆ, ಬೆಳಗಿನ ತನಕ ಉಜ್ಜಿದೆ ಅಂತ ಅತ್ತಳು. ಈ ಸಲ ಕಣ್ಣಲ್ಲಿ ನಿಜವಾದ ನೀರು ಇತ್ತಂತೆ. ಆಮೇಲೆ ತಂಬಿಗೆ ತಂದು, ನಿನ್ನ ಕೈಗುಣ ನಿನಗೇ ವಾಪಸು ಕೊಡ್ತೀನಿ, ಕೈ ಒಡ್ಡು ಅಂದಳು. ಕೆಂಚವ್ವ ಎರಡೂ ಕೈ ಸೆರಗಲ್ಲಿ ಸುತ್ತಿಕೊಂಡು, ಧಾರೆ ಎರೆದಿದ್ದನ್ನ ವಾಪಸು ತಗೊಂಡರೆ ಪಾಪ ಅತ್ತೆ ಅಂದಳು. ಮಾಳವ್ವ ಆ ಸೆರಗಿನ ಗಂಟು ನೋಡಿದಳು. ಎಲ್ಲೋ ನೋಡಿದ ಹಾಗಿತ್ತು. ಮುಖ ಕೆಂಪಾಯಿತು.

ಅಷ್ಟೊತ್ತಿಗೆ ಪಕ್ಕದ ಗುಡಿಸಲಿನಿಂದ ಒಬ್ಬಳು ಓಡಿ ಬಂದಳಂತೆ. ಮಾಳವ್ವಕ್ಕಾ, ಬೇಗ ಬಾ, ನಮ್ಮ ಕುರಿಗೆ ಮರಿ ಅಡ್ಡ ಸಿಕ್ಕಿದೆ, ನಿನ್ನ ಕೈಗುಣ ತುಂಬಾ ಚೆನ್ನಾಗಿದೆಯಂತೆ, ದೇವರು ಕೊಟ್ಟ ಕೈ ಅಂತೆ, ಇನ್ನು ಮೇಲೆ ನಮ್ಮ ರೊಪ್ಪಕ್ಕೂ ನೀನೇ ಅಂದಳು.

ಮಾಳವ್ವ ಸೊಂಟ ಹಿಡಿದುಕೊಂಡು ಎದ್ದಳು. ಎಣ್ಣೆ ಕುಡಿಕೆ ಎತ್ತಿಕೊಂಡಳು. ಎತ್ತಿಕೊಂಡು ಹಟ್ಟಿಗೆಲ್ಲ ಕೇಳೋ ಹಾಗೆ ಹೇಳಿದಳು,

"ಕೈಗುಣವೂ ಇಲ್ಲ, ಮಣ್ಣೂ ಇಲ್ಲ. ಕಲಿತರೆ ಎಲ್ಲರಿಗೂ ಬರುತ್ತೆ. ನೀನೂ ಬಾ, ನಿನ್ನ ಸೊಸೇನೂ ಕರಿ, ನಿನ್ನ ಮಗನ್ನೂ ಕರಿ. ಇವತ್ತು ಮಾಡಿ ತೋರಿಸ್ತೀನಿ, ನಾಳೆಯಿಂದ ನೀವು ಮಾಡ್ಕೊಳ್ಳಿ."

ಅವತ್ತಿನಿಂದ ಆ ಹಟ್ಟಿಯಲ್ಲಿ ರೊಪ್ಪ ಕಾಯೋದು ಸರದಿ ಮೇಲೆ ಆಯಿತಂತೆ. ಒಂದು ವರ್ಷ ದ್ಯಾಮವ್ವ, ಒಂದು ವರ್ಷ ನೀಲವ್ವ, ಒಂದು ವರ್ಷ ಕೆಂಚವ್ವ, ಜೊತೆಗೆ ಆ ವರ್ಷ ಅವರವರ ಗಂಡ. ಮಾವನಿಗೂ ಒಂದು ಸರದಿ ಕೊಟ್ಟರಂತೆ, ಅವನು ಆಕಾಶ ನೋಡುತ್ತಲೇ ಎಷ್ಟೋ ಮರಿ ಬದುಕಿಸಿದನಂತೆ. ಕೆಂಚವ್ವನ ಬೊಟ್ಟಿನ ಕುರಿಗಳು ಹತ್ತಾರು ಆಗಿ, ಅವಳಿಗೊಬ್ಬ ಮಗಳು ಹುಟ್ಟಿ, ಆ ಮಗಳ ಹೆಸರಿಗೂ ಹಣೆಗೆ ಬೂದಿ ಹಚ್ಚಿದಂಥ ಒಂದು ಕಪ್ಪು ಮರಿ ಬಿಟ್ಟು, ಎಲ್ಲರೂ ಹೊಟ್ಟೆ ತುಂಬ ಗಿಣ್ಣು ತಿಂದು ಸುಖವಾಗಿದ್ದರಂತೆ.

ಕುರಿಯೆಲ್ಲ ರೊಪ್ಪ ಸೇರಿದವು, ಮುಳ್ಳಿನ ಹೊರೆ ಎಳೆದಾಯಿತು, ಕತೆಯೂ ಒಳಗೆ ಹೋಗಿ ಮಲಗಿತು. ಇನ್ನು ನೀನೂ ಮಲಗು ಕೂಸೇ. ಬೆಳಗ್ಗೆ ಎದ್ದು ಹಾಲು ಬೇಕು ಅಂತ ನನ್ನನ್ನ ಎಬ್ಬಿಸಬೇಡ. ಅಜ್ಜಿ ಕಾಯಿಸಿದರೇ ರುಚಿ, ಅಜ್ಜಿಯ ಕೈಗುಣ ಅಂತ ನಿಮ್ಮಜ್ಜ ಇಷ್ಟು ವರ್ಷ ಹೇಳಿಕೊಂಡೇ ಬಂದಿದಾನೆ. ನಾಳೆ ಅವನ ಸರದಿ. ರಾತ್ರಿ ಊಟಕ್ಕೆ ಕೂತಾಗ ಅವನ ಕೈಗೆ ನೀರು ಹಾಕಿದ್ದೀನಿ.